ಮುಚ್ಚಿಹೋದ ಪಾಯವನ್ನು ಅಳೆಯುವವರು

ಪಾಯ ತೋಡುವಾಗ ಬಂಡೆ ಸಿಕ್ಕಿತು. ಅದು ಗಟ್ಟಿಬಂಡೆ, ವಾರಗಟ್ಟಲೆ ಬ್ರೇಕರ್ ಹಚ್ಚಿ ಒಡೆಸಿದ್ದೇನೆ, ಅದರ ದರವನ್ನೇ ಕೊಡಿ ಎನ್ನುತ್ತಾನೆ ಗುತ್ತಿಗೆದಾರ. ಸಹಾಯಕ ಎಂಜಿನಿಯರ್ ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಮೆದುಬಂಡೆ ಎಂದು ಬರೆದಿದ್ದಾರೆ. ಎರಡರ ದರಕ್ಕೂ ಬಹಳ ಅಂತರ. ಮಾತು ಬೆಳೆದು, ಪತ್ರ ಓಡಾಡಿ, ತಕರಾರು ಒಂದು ರೂಪಕ್ಕೆ ಬರುವ ಹೊತ್ತಿಗೆ ಪಾಯಕ್ಕೆ ಬೆಡ್ ಕಾಂಕ್ರೀಟ್ ಬಿದ್ದಿದೆ, ಫೂಟಿಂಗ್ ಎದ್ದಿದೆ, ಸುತ್ತ ಮಣ್ಣು ತುಂಬಿ ಗಟ್ಟಿ ಮಾಡಿದ್ದಾಗಿದೆ, ಮೇಲೆ ಎರಡು ಅಂತಸ್ತು ಬಂದಿದೆ. ಒಡೆದ ಕಲ್ಲು ಯಾವುದೋ ರಸ್ತೆಯ ಕೆಳಗೆ ಸೇರಿಹೋಗಿದೆ. ಒಡೆಯದೆ ಉಳಿದ ಬಂಡೆ ಅಲ್ಲೇ ಕೆಳಗಿದೆ. ಅದನ್ನು ಕಣ್ಣಾರೆ ನೋಡಬೇಕೆಂದರೆ ಕಟ್ಟಡ ಕೆಡವಬೇಕು.

ಇಂಥ ತಕರಾರಿನ ಮುಂದೆ ಕೂತು, ಇಂಥವರಿಗೆ ಇಷ್ಟು ಸಲ್ಲಬೇಕು ಎಂದು ಗಡುವಿನೊಳಗೆ ಬರೆದುಕೊಡುವವರನ್ನು ಗುತ್ತಿಗೆ ಪತ್ರಗಳು ಅಡ್ಜುಡಿಕೇಟರ್ ಎನ್ನುತ್ತವೆ. ನಾನಿಲ್ಲಿ ಅವರನ್ನು ನಿರ್ಣಾಯಕರು ಎನ್ನುತ್ತೇನೆ. ಅವರು ಕೋರ್ಟಿನ ನ್ಯಾಯಾಧೀಶರಲ್ಲ, ಆರ್ಬಿಟ್ರೇಟರೂ ಅಲ್ಲ. ಅವರ ತೀರ್ಮಾನವನ್ನು ಮುಂದೆ ಆರ್ಬಿಟ್ರೇಷನ್ನಿನಲ್ಲೋ ಕೋರ್ಟಿನಲ್ಲೋ ಬದಲಿಸಬಹುದು. ಅಲ್ಲಿಯವರೆಗೆ ಇಬ್ಬರೂ ಪಾಲಿಸಲೇಬೇಕು. ವಿಶ್ವಬ್ಯಾಂಕಿನ ಸಣ್ಣ ಕಾಮಗಾರಿಗಳ ಮಾದರಿ ಟೆಂಡರ್ ದಾಖಲೆಯನ್ನು ನಮ್ಮ ದೇಶದ ಎಷ್ಟೋ ಗುತ್ತಿಗೆಗಳು ಅನುಸರಿಸಿವೆ. ಎಂಜಿನಿಯರರ ತೀರ್ಮಾನ ಒಪ್ಪಿಗೆಯಾಗದಿದ್ದರೆ 14 ದಿನದೊಳಗೆ ನಿರ್ಣಾಯಕರ ಬಳಿಗೆ ಹೋಗಬೇಕು, ಅವರು 28 ದಿನದೊಳಗೆ ಲಿಖಿತ ತೀರ್ಮಾನ ಕೊಡಬೇಕು, ಅವರ ಶುಲ್ಕವನ್ನು ಎರಡೂ ಕಡೆಯವರು ಸಮನಾಗಿ ಭರಿಸಬೇಕು ಎಂಬುದು ಅದರ ಕ್ರಮ. ತೀರ್ಮಾನ ಹಿಡಿಸದವರು ಮತ್ತೆ 28 ದಿನದೊಳಗೆ ಆರ್ಬಿಟ್ರೇಟರ್ ಬಳಿಗೆ ಹೋಗಬಹುದು.

ಈ ಕುರ್ಚಿಯಲ್ಲಿ ಕೂರುವವರಿಗೆ ಯಾವ ಯೋಗ್ಯತೆ ಇರಬೇಕು? ಸಿವಿಲ್ ಎಂಜಿನಿಯರಿಂಗ್ ಪದವಿ, ಕಾನೂನಿನ ತಿಳಿವಳಿಕೆ, ಇಷ್ಟು ವರ್ಷದ ಅನುಭವ, ಒಂದು ತರಬೇತಿಯ ಪ್ರಮಾಣಪತ್ರ ಎಂದು ಉತ್ತರ ಕೊಟ್ಟು ಮುಗಿಸಬಹುದು. ಆ ಉತ್ತರ ತಪ್ಪಲ್ಲ. ಆದರೆ ಯಾರೂ ನೋಡಲಾಗದ ಬಂಡೆಯ ಬಗ್ಗೆ ಒಬ್ಬರು ಹೇಳಿದ್ದನ್ನು ಇಬ್ಬರು ಎದುರಾಳಿಗಳು ಏಕೆ ಒಪ್ಪಬೇಕು ಎಂಬ ಪ್ರಶ್ನೆಗೆ ಪದವಿ ಪತ್ರ ಉತ್ತರ ಕೊಡುವುದಿಲ್ಲ.

ಕಾನೂನುಗಳು ಈ ಪ್ರಶ್ನೆಯನ್ನು ಎದುರಿಸಿದ ರೀತಿಯೇ ಕುತೂಹಲದ್ದು. ಇಂಗ್ಲೆಂಡಿನ ನಿರ್ಮಾಣ ಉದ್ಯಮದಲ್ಲಿ ಮೇಲಿನವರು ಕೆಳಗಿನವರ ಹಣ ತಡೆಹಿಡಿಯುವುದು ರೂಢಿಯಾಗಿ, ಉಪಗುತ್ತಿಗೆದಾರರು ಬೀದಿಗೆ ಬೀಳುತ್ತಿದ್ದ ಕಾಲದಲ್ಲಿ ಸರ್ ಮೈಕೇಲ್ ಲೇಥಮ್ 1994ರಲ್ಲಿ ತಮ್ಮ ವರದಿ ಕೊಟ್ಟರು. ಅದರ ಫಲವಾಗಿ 1996ರ ಕಾಯ್ದೆ ಬಂತು. 1998ರ ಮೇ 1ರಿಂದ ಜಾರಿಯಾಯಿತು. ನಿರ್ಮಾಣ ಗುತ್ತಿಗೆಯ ಯಾವ ಕಕ್ಷಿಯೂ ಯಾವ ಹೊತ್ತಿನಲ್ಲೂ ತಕರಾರನ್ನು ನಿರ್ಣಾಯಕರ ಮುಂದಿಡಬಹುದು, ಅವರು 28 ದಿನದೊಳಗೆ ತೀರ್ಮಾನಿಸಬೇಕು. ಇಷ್ಟು ದೊಡ್ಡ ಅಧಿಕಾರ ಕೊಟ್ಟ ಕಾಯ್ದೆ ಆ ವ್ಯಕ್ತಿಯ ವಿದ್ಯಾರ್ಹತೆಯ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಪಕ್ಷಪಾತ ಮಾಡಬಾರದು, ವಿಷಯವನ್ನೂ ಕಾನೂನನ್ನೂ ತಾವೇ ಮುಂದಾಗಿ ವಿಚಾರಿಸಿ ತಿಳಿದುಕೊಳ್ಳಬಹುದು ಎನ್ನುತ್ತದೆ. ಕಾಯ್ದೆಯ ಜೊತೆಗೆ ಬಂದ ನಿಯಮಾವಳಿ ಇನ್ನೆರಡು ಷರತ್ತು ಸೇರಿಸುತ್ತದೆ: ನಿರ್ಣಾಯಕರು ಸಂಸ್ಥೆಯಾಗಿರಬಾರದು, ಸ್ವಂತ ನೆಲೆಯಲ್ಲಿ ಕೆಲಸ ಮಾಡುವ ವ್ಯಕ್ತಿಯಾಗಿರಬೇಕು, ಎರಡೂ ಕಕ್ಷಿಗಳಲ್ಲಿ ಯಾರ ನೌಕರರೂ ಆಗಿರಬಾರದು. ಉಳಿದದ್ದನ್ನು ನೇಮಿಸುವ ಸಂಸ್ಥೆಗಳ ವಿವೇಚನೆಗೆ ಬಿಟ್ಟಿದೆ.

ಮಲೇಷ್ಯಾ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ 2012ರಲ್ಲಿ ಪಾಸಾಗಿ 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾಯ್ದೆಯ ನಿಯಮಗಳು ಲೆಕ್ಕ ಹಾಕಿ ಹೇಳುತ್ತವೆ. ನಿರ್ಮಾಣ ಉದ್ಯಮದಲ್ಲೋ ಸಚಿವರು ಒಪ್ಪಿದ ಬೇರೆ ಕ್ಷೇತ್ರದಲ್ಲೋ ಕನಿಷ್ಠ ಏಳು ವರ್ಷ ದುಡಿದಿರಬೇಕು, ನಿರ್ಣಯ ಕೌಶಲದ ಪ್ರಮಾಣಪತ್ರ ಪಡೆದಿರಬೇಕು, ದಿವಾಳಿಯಾಗಿರಬಾರದು, ಯಾವ ದೇಶದಲ್ಲೂ ಅಪರಾಧಕ್ಕೆ ಶಿಕ್ಷೆಯಾಗಿರಬಾರದು. ದಿವಾಳಿಯಾಗಿರಬಾರದು ಎಂಬ ಷರತ್ತನ್ನು ಓದಿದಾಗ ಮೊದಲು ಅದು ಹೊರಗಿನದೆನಿಸುತ್ತದೆ. ಸ್ವಲ್ಪ ಯೋಚಿಸಿದರೆ ಅದರ ಕಾರಣ ಕಾಣುತ್ತದೆ. ಇನ್ನೊಬ್ಬರ ಹಣ ಯಾರ ಕೈಗೆ ಹೋಗಬೇಕು ಎಂದು ಹೇಳುವವರು ತಮ್ಮ ಹಣದ ಇಕ್ಕಟ್ಟಿನಿಂದ ಹೊರಗಿರಬೇಕು. ಇಲ್ಲದಿದ್ದರೆ ಆಮಿಷ ಒಡ್ಡುವವರು ದಾರಿ ಹುಡುಕಿಕೊಂಡು ಬರುತ್ತಾರೆ.

ನಮ್ಮ ದೇಶದಲ್ಲಿ ನಡೆದದ್ದು ಇವೆರಡಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುತ್ತದೆ. ನಿರ್ಮಾಣ ತಕರಾರಿಗೆಂದೇ ಬ್ರಿಟನ್ ಮಾದರಿಯ ಕಾಯ್ದೆ ನಮ್ಮಲ್ಲಿಲ್ಲ. ಗುತ್ತಿಗೆಯಲ್ಲಿ ನಿರ್ಣಾಯಕರ ಷರತ್ತು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಅದಕ್ಕೆ ಹತ್ತಿರದ ಆರ್ಬಿಟ್ರೇಟರುಗಳ ಬಗ್ಗೆ ನಮ್ಮ 1996ರ ಆರ್ಬಿಟ್ರೇಷನ್ ಕಾಯ್ದೆಗೆ 2019ರ ತಿದ್ದುಪಡಿ ಎಂಟನೇ ಅನುಸೂಚಿ ಎಂಬ ಪಟ್ಟಿಯೊಂದನ್ನು ಸೇರಿಸಿತು. ಹತ್ತು ವರ್ಷ ಅನುಭವವಿರುವ ವಕೀಲರು, ಲೆಕ್ಕಪರಿಶೋಧಕರು, ಎಂಜಿನಿಯರಿಂಗ್ ಪದವಿ ಪಡೆದು ಹತ್ತು ವರ್ಷ ಎಂಜಿನಿಯರ್ ಆಗಿ ದುಡಿದವರು ಹೀಗೆ ಅದು ಶುರುವಾಗುತ್ತದೆ. ಅಷ್ಟಕ್ಕೇ ನಿಲ್ಲದೆ ನ್ಯಾಯವಂತರೆಂದು ಹೆಸರಾಗಿರಬೇಕು, ಪ್ರಾಮಾಣಿಕರಾಗಿರಬೇಕು, ಸಂವಿಧಾನ, ಸಹಜ ನ್ಯಾಯದ ತತ್ವಗಳು, ವಾಣಿಜ್ಯ ಕಾನೂನು, ಕಾರ್ಮಿಕ ಕಾನೂನು ಎಲ್ಲ ತಿಳಿದಿರಬೇಕು, ಕಾರಣ ಸಹಿತವಾದ ತೀರ್ಪು ಬರೆಯಬಲ್ಲವರಾಗಿರಬೇಕು ಎಂದೂ ಹೇಳಿತು. 2021ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು. ಎರಡು ವರ್ಷದೊಳಗೆ ಸಂಸತ್ತು ಯೋಗ್ಯತೆಯನ್ನು ಬರೆಯಿತು, ಅಳಿಸಿತು. ಅದನ್ನು ಗೊಂದಲವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಪಟ್ಟಿಯ ಮೊದಲ ಅರ್ಧವನ್ನು, ಅಂದರೆ ಪದವಿ ಮತ್ತು ವರ್ಷಗಳನ್ನು, ಅರ್ಜಿಯ ಜೊತೆಗಿಟ್ಟ ಪ್ರತಿಗಳಿಂದ ತಾಳೆ ನೋಡಬಹುದು. ಎರಡನೇ ಅರ್ಧವನ್ನು ತಾಳೆ ನೋಡುವುದು ಹೇಗೆ? ನಿಜವಾಗಿ ಬೇಕಾದದ್ದು ಆ ಎರಡನೇ ಅರ್ಧದಲ್ಲೇ ಇತ್ತು.

ಮತ್ತೆ ಬಂಡೆಯ ಬಳಿಗೆ ಬರೋಣ. ನಿರ್ಣಾಯಕರ ಮೇಜಿನ ಮೇಲೆ ಏನೇನಿದೆ? ಎಂ.ಬಿ. ಇದೆ. ಅದರ ಪುಟಗಳಿಗೆ ಸಂಖ್ಯೆ ಇರಬೇಕು, ಬರೆದದ್ದನ್ನು ಅಳಿಸಬಾರದು, ತಪ್ಪಾದರೆ ಗೀಟು ಹೊಡೆದು ಸಹಿ ಹಾಕಬೇಕು, ಅಳತೆಯನ್ನು ಸ್ಥಳದಲ್ಲೇ ಬರೆಯಬೇಕು. ಈ ನಿಯಮಗಳನ್ನು ಬಲ್ಲವರಿಗೆ ಪುಟ ಮಾತಾಡತೊಡಗುತ್ತದೆ. ಬೇರೆ ಬೇರೆ ತಾರೀಖಿನ ಅಳತೆಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದಂತಿದ್ದರೆ ಅವು ಪಾಯದ ಅಂಚಿನಲ್ಲಿ ನಿಂತು ಬರೆದವಲ್ಲ. ತೋಡುವ ಮೊದಲಿನ ಲೆವೆಲ್ ಮತ್ತು ತೋಡಿದ ಮೇಲಿನ ಲೆವೆಲ್ ಇದೆಯೇ? ಮಣ್ಣು ಮುಗಿದು ಬಂಡೆ ಶುರುವಾದ ಕಡೆ ನಡುವೆ ಒಂದು ಲೆವೆಲ್ ತೆಗೆದರೇ? ಸಾಮಾನ್ಯವಾಗಿ ಅದೇ ಇರುವುದಿಲ್ಲ. ಒಡೆದ ಕಲ್ಲನ್ನು ರಾಶಿ ಹಾಕಿ ಅಳೆದು, ಸಂದುಗಳಿಗಾಗಿ ಅರ್ಧ ಕಳೆಯುವ ಪದ್ಧತಿ ಇದೆ. ರಾಶಿ ಹಾಕಿದ್ದಕ್ಕೆ ದಾಖಲೆ ಇದೆಯೇ? ಬ್ರೇಕರ್ ಬಾಡಿಗೆಯ ಬಿಲ್ಲು, ಡೀಸೆಲ್ ಚೀಟಿ, ಸೈಟಿನ ದಿನಚರಿ, ಮೊಬೈಲಿನಲ್ಲಿ ತೆಗೆದ ಫೋಟೊಗಳು, ಟೆಂಡರಿಗೆ ಮುಂಚೆ ತೆಗೆಸಿದ್ದ ಬೋರ್ ಲಾಗ್. ಚೆಕ್ ಮೆಷರ್‌ಮೆಂಟಿಗೆ ಬಂದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಯಾವ ದಿನ ಬಂದಿದ್ದರು, ಆ ದಿನ ಪಾಯ ತೆರೆದೇ ಇತ್ತೇ?

ಇದನ್ನೆಲ್ಲ ಕೇಳಲು ತೋಚಬೇಕಾದರೆ ಸೈಟಿನ ಧೂಳು ಕುಡಿದಿರಬೇಕು. ಇಲ್ಲಿ ಅನುಭವಕ್ಕೆ ಬದಲಿಯಿಲ್ಲ. ಗುತ್ತಿಗೆ ಕಾಯ್ದೆಯನ್ನು ಚೆನ್ನಾಗಿ ಬಲ್ಲ ವಕೀಲರಿಗೆ ಬ್ರೇಕರ್ ಬಾಡಿಗೆಯ ಬಿಲ್ಲಿನಲ್ಲಿ ಏನು ಹುಡುಕಬೇಕು ಎಂಬುದು ಹೊಳೆಯದಿರಬಹುದು. ಹಾಗೆಯೇ ಮೂವತ್ತು ವರ್ಷ ಸೇತುವೆ ಕಟ್ಟಿದ ಎಂಜಿನಿಯರಿಗೆ 1872ರ ಆ ಗುತ್ತಿಗೆ ಕಾಯ್ದೆಯ 55, 73, 74ನೇ ಕಲಮುಗಳು ಗೊತ್ತಿಲ್ಲದಿದ್ದರೆ ಬಂಡೆಯ ಸತ್ಯ ಸಿಕ್ಕರೂ ಹಣದ ನ್ಯಾಯ ಸಿಗುವುದಿಲ್ಲ. ತಡವಾದ ಕೆಲಸವನ್ನು ಒಪ್ಪಿಕೊಂಡ ಮಾಲೀಕ ಆಗಲೇ ನೋಟಿಸು ಕೊಡದಿದ್ದರೆ ಆಮೇಲೆ ನಷ್ಟ ಕೇಳಲಾರ ಎಂಬ 55ನೇ ಕಲಮಿನ ಒಂದು ಮಾತು ಎಷ್ಟೋ ತಕರಾರುಗಳ ದಿಕ್ಕನ್ನೇ ಬದಲಿಸುತ್ತದೆ. ದಂಡದ ಮೊತ್ತವನ್ನು ಒಪ್ಪಂದದಲ್ಲಿ ಬರೆದಿದ್ದರೂ ಅದು ಗರಿಷ್ಠ ಮಿತಿಯಷ್ಟೇ, ಅದರೊಳಗೆ ಸಮಂಜಸವಾದಷ್ಟು ಮಾತ್ರ ಸಿಗುತ್ತದೆ ಎನ್ನುತ್ತದೆ 74ನೇ ಕಲಮು. ಹೀಗೆ ಎರಡು ವಿದ್ಯೆ ಒಂದೇ ತಲೆಯಲ್ಲಿರಬೇಕು. ಎಂಜಿನಿಯರರು ಕಾನೂನು ಓದುವುದು, ವಕೀಲರು ಸೈಟಿಗೆ ಹೋಗಿ ನಿಲ್ಲುವುದು ಎರಡೂ ನಡೆದೇ ಇದೆ, ಇನ್ನೂ ಹೆಚ್ಚಬೇಕು.

ಆದರೆ ಎರಡೂ ವಿದ್ಯೆ ಇದ್ದವರಿಗೇ ಒಂದು ಅಪಾಯ ಕಾದಿರುತ್ತದೆ. ಅದನ್ನು ಇಂಗ್ಲೆಂಡಿನ ಎರಡು ಪ್ರಕರಣಗಳು ಎದುರುಬದುರು ನಿಲ್ಲಿಸಿ ತೋರಿಸುತ್ತವೆ.

ಮೊದಲನೆಯದು ಬೂಯಿಗ್ ಮತ್ತು ಡಾಲ್-ಜೆನ್ಸನ್ ಕಂಪನಿಗಳ ನಡುವಿನದು. ನಿರ್ಣಾಯಕರು ಲೆಕ್ಕ ಮಾಡುವಾಗ ತಪ್ಪಿದರು. ಗುತ್ತಿಗೆಯಲ್ಲಿ ತಡೆಹಿಡಿದ ಹಣ ಬಿಡುಗಡೆಯ ಹಂತಕ್ಕೆ ಬಂದಿರಲಿಲ್ಲ, ಆದರೂ ಅದು ಲೆಕ್ಕದೊಳಗೆ ಸೇರಿಹೋಯಿತು. ತಪ್ಪು ಎಲ್ಲರಿಗೂ ಕಾಣುವಂಥದು. ಆ ತಪ್ಪಿಲ್ಲದಿದ್ದರೆ ಹಣ ಉಲ್ಟಾ ದಿಕ್ಕಿನಲ್ಲಿ ಹೋಗಬೇಕಿತ್ತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಮಾನವನ್ನು ಎತ್ತಿಹಿಡಿಯಿತು. ಕೇಳಿದ ಪ್ರಶ್ನೆಗೇ ಉತ್ತರ ಕೊಟ್ಟಿದ್ದಾರೆ, ಉತ್ತರ ತಪ್ಪಿದೆ ಅಷ್ಟೇ. ಅವಸರದ ವ್ಯವಸ್ಥೆಯಲ್ಲಿ ಅಂಥ ತಪ್ಪನ್ನು ಕಾನೂನು ಸಹಿಸಿಕೊಳ್ಳಲು ಒಪ್ಪಿದೆ ಎಂಬುದು ಅದರ ಧೋರಣೆ. ಹಣ ಪಡೆಯಬೇಕಿದ್ದ ಕಂಪನಿ ಅಷ್ಟರಲ್ಲಿ ದಿವಾಳಿಯ ಪ್ರಕ್ರಿಯೆಗೆ ಸಿಕ್ಕಿದ್ದರಿಂದ ಪಾವತಿಗೆ ತಡೆ ಕೊಟ್ಟರು, ಅದು ಬೇರೆ ಮಾತು. ತೀರ್ಮಾನ ಮಾತ್ರ ಊರ್ಜಿತವಾಗಿಯೇ ಉಳಿಯಿತು.

ಎರಡನೆಯದು 2002ರಲ್ಲಿ ಬಾಲ್ಫರ್ ಬೀಟಿ ಕಂಪನಿಗೂ ಲಂಡನ್ನಿನ ಲ್ಯಾಂಬೆತ್ ಸ್ಥಳೀಯ ಆಡಳಿತಕ್ಕೂ ನಡೆದದ್ದು. ವಸತಿ ಕಟ್ಟಡವೊಂದರ ನವೀಕರಣ ತಡವಾಗಿತ್ತು. ತಡಕ್ಕೆ ಯಾರು ಹೊಣೆ ಎಂದು ಹೇಳಲು ಕೆಲಸದ ಯಾವ ಸರಣಿ ಮುಕ್ತಾಯದ ದಿನವನ್ನು ನಿಜವಾಗಿ ಎಳೆಯಿತು ಎಂದು ತೋರಿಸಬೇಕು. ಉದ್ಯಮದಲ್ಲಿ ಇದಕ್ಕೆ ಕ್ರಿಟಿಕಲ್ ಪಾತ್ ಎನ್ನುತ್ತಾರೆ. ಗುತ್ತಿಗೆದಾರರು ಅಂಥ ವಿಶ್ಲೇಷಣೆಯನ್ನು ಸರಿಯಾಗಿ ಕೊಟ್ಟಿರಲಿಲ್ಲ. ನಿರ್ಣಾಯಕರು ಸಮರ್ಥರು, ವಿಷಯ ಬಲ್ಲವರು. ಕೈಯಲ್ಲಿದ್ದ ದಾಖಲೆಗಳಿಂದ ತಾವೇ ಆ ವಿಶ್ಲೇಷಣೆಯನ್ನು ಕಟ್ಟಿ, ಅದರ ಮೇಲೆ ತೀರ್ಮಾನ ಕೊಟ್ಟರು. ಕಕ್ಷಿಗಳಿಗೆ ತೋರಿಸಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಲಿಲ್ಲ. ನ್ಯಾಯಾಲಯ ಆ ತೀರ್ಮಾನವನ್ನು ಜಾರಿಗೊಳಿಸಲು ನಿರಾಕರಿಸಿತು.

ಎರಡನ್ನೂ ಒಟ್ಟಿಗಿಟ್ಟು ನೋಡಿ. ಲೆಕ್ಕ ತಪ್ಪಿದವರ ತೀರ್ಮಾನ ನಿಂತಿತು. ಹೆಚ್ಚು ದುಡಿದು, ಹೆಚ್ಚು ಕೌಶಲ ತೋರಿಸಿ, ಬಹುಶಃ ಸತ್ಯಕ್ಕೆ ಹೆಚ್ಚು ಹತ್ತಿರ ಹೋಗಿರಬಹುದಾದವರ ತೀರ್ಮಾನ ಬಿತ್ತು. ಮೊದಲ ಓದಿಗೆ ಇದು ತಲೆಕೆಳಗು ಎನಿಸುತ್ತದೆ. ನನಗೆ ಇದರಲ್ಲೇ ಈ ಕಸುಬಿನ ತಿರುಳು ಕಾಣುತ್ತದೆ. ನಿರ್ಣಾಯಕರ ಜ್ಞಾನಕ್ಕೆ ಬೆಲೆಯಿದೆ, ಆದರೆ ಅದು ಬಾಗಿಲು ಹಾಕಿಕೊಂಡು ಕೆಲಸ ಮಾಡಬಾರದು. ತಪ್ಪು ಮಾಡುವುದು ಮನುಷ್ಯರ ಪಾಲಿಗಿದ್ದದ್ದೇ, ಅದನ್ನು ಮುಂದೆ ತಿದ್ದಿಕೊಳ್ಳಲು ದಾರಿಯಿದೆ. ಎದುರಿಗೆ ಕೂತವರಿಗೆ ಕಾಣದ ಹಾಗೆ ನಡೆದ ಯೋಚನೆಗೆ ಉತ್ತರ ಕೊಡಲು ಮಾತ್ರ ಅವರಿಗೆ ಅವಕಾಶವೇ ಇರುವುದಿಲ್ಲ. ಸೋತವನು ಸೋಲನ್ನು ನುಂಗಿಕೊಳ್ಳಬಲ್ಲ. ತನ್ನನ್ನು ಕೇಳದೇ ಸೋಲಿಸಿದರು ಎಂಬುದನ್ನು ನುಂಗಿಕೊಳ್ಳಲಾರ.

ಆದ್ದರಿಂದ ಸೈಟಿನ ಅನುಭವವುಳ್ಳವರು ಈ ಕುರ್ಚಿಗೆ ಬಂದಾಗ ತಮ್ಮ ಅನುಭವವನ್ನು ಸಾಕ್ಷಿಯಂತೆ ಎದುರಿಗೆ ನಿಲ್ಲಿಸಲು ಕಲಿಯಬೇಕು. ಈ ಭಾಗದ ಬಂಡೆ ಇಷ್ಟು ಆಳದಲ್ಲಿ ಹೀಗೇ ಇರುತ್ತದೆ ಎಂದು ಅವರಿಗೆ ಅನಿಸಿದರೆ ಅದನ್ನು ಇಬ್ಬರಿಗೂ ಹೇಳಬೇಕು: ನನಗೆ ಹೀಗನ್ನಿಸುತ್ತಿದೆ, ತಪ್ಪಿದ್ದರೆ ತೋರಿಸಿ. ಈ ಒಂದು ವಾಕ್ಯ ಹೇಳಲು ಬೇಕಾದ ಎದೆಗಾರಿಕೆ ಸಣ್ಣದಲ್ಲ. ಜೀವಮಾನವೆಲ್ಲ ಆಣತಿ ಕೊಟ್ಟು ಅಭ್ಯಾಸವಾದ ನಿವೃತ್ತ ಮುಖ್ಯ ಎಂಜಿನಿಯರಿಗೆ, ಕಿರಿಯ ಗುತ್ತಿಗೆದಾರನೊಬ್ಬ ತನ್ನ ಊಹೆಯನ್ನು ತಿದ್ದಲು ಬಿಡುವುದು ಎಷ್ಟು ಕಷ್ಟವೆಂದು ಇಲಾಖೆಯ ವಾತಾವರಣ ಬಲ್ಲವರಿಗೆ ಗೊತ್ತು. ಅನುಭವದೊಳಗೆ ಇನ್ನೊಂದು ಹುಳುವೂ ಇರುತ್ತದೆ. ಇಲಾಖೆಯಲ್ಲಿ ದುಡಿದವರ ಮನಸ್ಸಿನಲ್ಲಿ ಗುತ್ತಿಗೆದಾರರೆಲ್ಲ ಹೀಗೇ ಎಂಬ ತೀರ್ಪು ಆಗಲೇ ಕೂತಿರುತ್ತದೆ. ಗುತ್ತಿಗೆದಾರರ ಕಡೆ ದುಡಿದವರಲ್ಲಿ ಇಲಾಖೆಯವರೆಲ್ಲ ಹೀಗೇ ಎಂಬುದು. ಇಪ್ಪತ್ತು ಸಲ ಕಂಡದ್ದು ಇಪ್ಪತ್ತೊಂದನೆಯ ಸಲ ಕಣ್ಣಿಗೆ ಅಡ್ಡ ನಿಲ್ಲುತ್ತದೆ. ಅನುಭವವಿಲ್ಲದವರಿಗೆ ಈ ಕೆಲಸ ಆಗದು, ಅನುಭವ ಗಟ್ಟಿಯಾಗಿ ಕೂತುಬಿಟ್ಟವರಿಗೂ ಆಗದು.

ಕಕ್ಷಿಯೇ ತೀರ್ಪುಗಾರನಾಗುವ ಅಭ್ಯಾಸ ನಮ್ಮ ಸರ್ಕಾರಿ ಗುತ್ತಿಗೆಗಳಲ್ಲಿ ಬಹಳ ಹಳೆಯದು. ಸೂಪರಿಂಟೆಂಡಿಂಗ್ ಎಂಜಿನಿಯರರ ಅಥವಾ ಮುಖ್ಯ ಎಂಜಿನಿಯರರ ತೀರ್ಮಾನವೇ ಅಂತಿಮ ಎಂಬ ಷರತ್ತಿಗೆ ಸಹಿ ಹಾಕಿ ಕೆಲಸ ಶುರುಮಾಡಿದ ತಲೆಮಾರುಗಳಿವೆ. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1987ರಲ್ಲೇ, ಒಪ್ಪಂದ ಮುರಿದದ್ದೇ ವಿವಾದದಲ್ಲಿರುವಾಗ ಒಂದು ಕಕ್ಷಿಯ ಅಧಿಕಾರಿಯೇ ಅದನ್ನು ತೀರ್ಮಾನಿಸಿ ನಷ್ಟ ಕಟ್ಟುವಂತಿಲ್ಲ ಎಂದಿತು. ಅದು ಕಟ್ಟಡದ ಗುತ್ತಿಗೆಯಲ್ಲ, ಆದರೂ ಕಾಮಗಾರಿ ತಕರಾರುಗಳಲ್ಲಿ ವಕೀಲರು ಇಂದಿಗೂ ಎತ್ತಿ ತೋರಿಸುವ ತೀರ್ಪು. ಮಲೆನಾಡಿನ ಒಂದು ಅಕ್ಕಿ ಗಿರಣಿಯ ಹೆಸರು ದೇಶದ ಗುತ್ತಿಗೆ ಕಾನೂನಿನಲ್ಲಿ ಉಳಿದುಕೊಂಡ ಬಗೆ ಇದು. 2024ರ ನವೆಂಬರ್ 8ರಂದು ರೈಲ್ವೆ ವಿದ್ಯುದೀಕರಣ ಸಂಸ್ಥೆಯ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇನ್ನೂ ಮುಂದೆ ಹೋಯಿತು. ಸಾರ್ವಜನಿಕ ಸಂಸ್ಥೆ ತಾನೇ ಆರಿಸಿದ ಆರ್ಬಿಟ್ರೇಟರುಗಳ ಪಟ್ಟಿ ಇಟ್ಟುಕೊಳ್ಳಬಹುದು, ಆದರೆ ಎದುರು ಕಕ್ಷಿ ಅದರಿಂದಲೇ ಆರಿಸಬೇಕೆಂದು ಒತ್ತಾಯಿಸುವಂತಿಲ್ಲ, ಏಕಪಕ್ಷೀಯ ನೇಮಕ ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧ ಎಂದಿತು.

ಆ ಪಟ್ಟಿಯಲ್ಲಿದ್ದವರು ಕೆಟ್ಟವರೆಂದು ಪೀಠ ಹೇಳಲಿಲ್ಲ. ಅವರಲ್ಲಿ ಎಷ್ಟೋ ಜನ ನಿಷ್ಠುರರಾಗಿ ಇಲಾಖೆಯ ವಿರುದ್ಧವೇ ಬರೆದವರಿರಬಹುದು. ನೇಮಿಸಿದ ಕೈ ಒಂದೇ ಕಡೆಯದಾದರೆ ಒಳಗಿನ ಪ್ರಾಮಾಣಿಕತೆ ಹೊರಗಿನವರಿಗೆ ಕಾಣುವುದಿಲ್ಲ. ಅಂದರೆ ನಿರ್ಣಾಯಕರ ಯೋಗ್ಯತೆಯಲ್ಲಿ ಒಂದು ಪಾಲು ಅವರ ಕೈಯಲ್ಲೇ ಇಲ್ಲ. ಅದನ್ನು ಎರಡೂ ಕಡೆಯವರು ಸೇರಿ ಕೊಡಬೇಕು. ಎಷ್ಟು ಓದಿದರೂ ಎಷ್ಟು ಸಜ್ಜನರಾದರೂ ಇಬ್ಬರೂ ಒಪ್ಪಿ ಕೂರಿಸದ ಹೊರತು, ಅಥವಾ ಇಬ್ಬರಿಗೂ ಹೊರಗಿನ ಸಂಸ್ಥೆಯೊಂದು ಕೂರಿಸದ ಹೊರತು ಅದು ಬರುವುದಿಲ್ಲ.

ನಮ್ಮ ಹಳ್ಳಿಗಳ ಪಂಚಾಯ್ತಿ ಕಟ್ಟೆಯ ಹಿರಿಯರಿಂದ ಈ ಕಸುಬು ಬೇರೆಯಾಗುವುದು ಇನ್ನೊಂದು ಕಡೆ. ಹಿರಿಯರಿಗೆ ನಾಳೆಯೂ ಆ ಇಬ್ಬರ ಜೊತೆ ಅದೇ ಊರಲ್ಲಿ ಬಾಳಬೇಕು, ಆದ್ದರಿಂದ ಅವರು ಇಬ್ಬರಿಗೂ ಸ್ವಲ್ಪ ಸ್ವಲ್ಪ ಕೊಟ್ಟು ಸಮಾಧಾನ ಮಾಡುತ್ತಾರೆ. ಅದರಲ್ಲೂ ವಿವೇಕವಿದೆ. ಆದರೆ ಬಂಡೆ ಗಟ್ಟಿಯೋ ಮೆದುವೋ ಎಂದು ಕೇಳಿದಾಗ, ಅರ್ಧ ಗಟ್ಟಿ ಅರ್ಧ ಮೆದು ಎಂದು ದಾಖಲೆಯ ಆಧಾರವಿಲ್ಲದೆ ಬರೆದರೆ ಇಬ್ಬರಿಗೂ ಅನ್ಯಾಯ ಮಾಡಿದಂತೆ. ಕಕ್ಷಿಗಳು ಸ್ಪಷ್ಟವಾಗಿ ಅಧಿಕಾರ ಕೊಟ್ಟ ಹೊರತು ಆರ್ಬಿಟ್ರೇಟರುಗಳು ಕೂಡ ತಮಗೆ ಒಳ್ಳೆಯದೆನಿಸಿದಂತೆ ತೀರ್ಮಾನಿಸುವಂತಿಲ್ಲ ಎಂದು ನಮ್ಮ ಕಾಯ್ದೆಯ 28ನೇ ಕಲಮು ಹೇಳುತ್ತದೆ. ರಾಜಿ ಮಾಡಿಸುವವರ ಕೆಲಸ ಬೇರೆ, ಅದಕ್ಕೆ ಬೇರೆ ಮನೋಧರ್ಮ ಬೇಕು. ನಿರ್ಣಾಯಕರಿಗೆ ಒಬ್ಬರ ಮುಖ ಸಪ್ಪಗಾಗುವುದನ್ನು ನೋಡುವ ಶಕ್ತಿ ಇರಬೇಕು. ಎಲ್ಲರಿಗೂ ಬೇಕಾದವರಾಗಿರುವ ಆಸೆಯನ್ನು ಕೆಲವರು ದಾಕ್ಷಿಣ್ಯವೆಂದು ಕರೆದುಕೊಂಡು ಮೆಚ್ಚಿಕೊಳ್ಳುತ್ತಾರೆ. ಈ ಕುರ್ಚಿಯಲ್ಲಿ ಅದು ದೋಷ.

ಇನ್ನು ಕಾಲ. ಕಾಂಕ್ರೀಟಿನ ಘನಗಳನ್ನು ಎರಕ ಹೊಯ್ದು 28ನೇ ದಿನ ಪ್ರೆಸ್ಸಿನಲ್ಲಿಟ್ಟು ಒಡೆದು ನೋಡುತ್ತಾರೆ. ಆ ದಿನಕ್ಕೆ ಕಾಂಕ್ರೀಟು ಗಟ್ಟಿಯಾಗುವುದು ಮುಗಿದಿರುವುದಿಲ್ಲ, ಆಮೇಲೂ ಅದು ನಿಧಾನವಾಗಿ ಬಲಿಯುತ್ತಲೇ ಇರುತ್ತದೆ. ಆದರೂ ಒಂದು ದಿನವನ್ನು ಗೊತ್ತುಮಾಡಿಕೊಂಡು, ಆ ದಿನದ ಬಲವನ್ನೇ ಲೆಕ್ಕಕ್ಕೆ ಹಿಡಿದು ಕಟ್ಟಡದ ಭಾರವನ್ನು ಒಪ್ಪಿಸುತ್ತಾರೆ. ನಿರ್ಣಾಯಕರಿಗೆ ಕಾಯ್ದೆ ಕೊಟ್ಟ 28 ದಿನವೂ ಹಾಗೆಯೇ. ಇನ್ನೊಂದು ತಿಂಗಳು ಸಿಕ್ಕಿದ್ದರೆ ಇನ್ನಷ್ಟು ಪತ್ರ ಸಿಗುತ್ತಿತ್ತು, ಇನ್ನೊಬ್ಬ ಸಾಕ್ಷಿ ಬರುತ್ತಿದ್ದ ಎಂದು ಅವರಿಗೆ ಗೊತ್ತು. ಗೊತ್ತಿದ್ದೂ ಆ ದಿನ ಬರೆದು ಸಹಿ ಹಾಕಬೇಕು. ವಿದ್ವಾಂಸರಿಗೆ ಇದು ಬಹಳ ಕಷ್ಟ. ಅವರ ಶಿಕ್ಷಣವೆಲ್ಲ, ಪೂರ್ತಿ ತಿಳಿಯುವವರೆಗೆ ಬಾಯಿ ತೆರೆಯಬೇಡ ಎಂದು ಕಲಿಸಿರುತ್ತದೆ. ಇಲ್ಲಿ ಪೂರ್ತಿ ತಿಳಿಯದೆ, ಆದರೆ ಸಿಕ್ಕಷ್ಟನ್ನು ಪೂರ್ತಿ ಓದಿ, ಹೇಳಬೇಕು. ಮಲೇಷ್ಯಾದಲ್ಲಿ ಇದಕ್ಕೆ 45 ಕೆಲಸದ ದಿನ, ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ಮಾದರಿ ಗುತ್ತಿಗೆಯ ತಕರಾರು ನಿರ್ಣಯ ಮಂಡಳಿಗೆ 84 ದಿನ. ಸಂಖ್ಯೆ ಯಾವುದಾದರೂ ಗಡುವು ಎಂಬುದು ಇದ್ದೇ ಇದೆ.

ಗಡುವು ಯಾಕೆ ಬೇಕೆಂದು ಕೇಳುವವರು ಸೈಟಿನ ಶೆಡ್ಡುಗಳ ಕಡೆ ನೋಡಬೇಕು. ಬೆಂಗಳೂರಿನ ಕಟ್ಟಡಗಳಿಗೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲಿರುವವರ ವಾರದ ಬಟವಾಡೆ, ಮೇಲೆ ಎಲ್ಲೋ ನಿಂತ ಕಂತಿನ ಬಿಲ್ಲಿಗೆ ಕಟ್ಟುಬಿದ್ದಿರುತ್ತದೆ. ಇಲಾಖೆ ಗುತ್ತಿಗೆದಾರನಿಗೆ ಕೊಡಲಿಲ್ಲ, ಗುತ್ತಿಗೆದಾರ ತುಂಡು ಗುತ್ತಿಗೆಯವನಿಗೆ ಕೊಡಲಿಲ್ಲ, ಅವನು ಮೇಸ್ತ್ರಿಗೆ ಕೊಡಲಿಲ್ಲ. ಬಂಡೆಯ ತಕರಾರು ಕಡೆಗೆ ಬಂದು ತಟ್ಟುವುದು ಆ ಬಂಡೆ ಒಡೆದವರಿಗೇ. ನಮ್ಮ ಆರ್ಬಿಟ್ರೇಷನ್ನಿಗೆ ವಾದಪತ್ರಗಳು ಮುಗಿದ ಮೇಲೆ 12 ತಿಂಗಳು, ಕಕ್ಷಿಗಳು ಒಪ್ಪಿದರೆ ಇನ್ನಾರು. ಆಮೇಲೆ 34ನೇ ಕಲಮಿನಡಿ ಕೋರ್ಟಿನ ಸುತ್ತು. ತೀರ್ಪು ಗುತ್ತಿಗೆದಾರನ ಪರ ಬಂದರೂ ಹಣ ಬರುವುದಿಲ್ಲ ಎಂಬ ಸ್ಥಿತಿ ಎಷ್ಟು ಬಿಗಡಾಯಿಸಿತ್ತೆಂದರೆ, 2016ರಲ್ಲಿ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಯೇ ಮುಂದಾಗಿ, ತೀರ್ಪನ್ನು ಪ್ರಶ್ನಿಸಿದ್ದರೂ ಬ್ಯಾಂಕ್ ಗ್ಯಾರಂಟಿ ಪಡೆದು ಮೊತ್ತದ ಶೇ 75ರಷ್ಟನ್ನು ಬಿಡುಗಡೆ ಮಾಡಿ ಎಂದು ಸಂಸ್ಥೆಗಳಿಗೆ ಹೇಳಬೇಕಾಯಿತು. 2024ರ ಜೂನ್ 3ರಂದು ಹಣಕಾಸು ಸಚಿವಾಲಯ ಇನ್ನೊಂದು ದಿಕ್ಕಿಗೆ ತಿರುಗಿ, ಸರ್ಕಾರಿ ಗುತ್ತಿಗೆಗಳಲ್ಲಿ ಆರ್ಬಿಟ್ರೇಷನ್ನನ್ನು ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆಯ ತಕರಾರುಗಳಿಗೆ ಸೀಮಿತಗೊಳಿಸಿ ಎಂದಿತು. ತೀರ್ಪು ಕೊಡುವವರ ಮೇಲಿನ ನಂಬಿಕೆ ಕುಸಿದದ್ದು ಆ ಸುತ್ತೋಲೆಯ ಸಾಲುಗಳಲ್ಲಿ ಕಾಣುತ್ತದೆ. ನಂಬಿಕೆ ಕುಸಿದಾಗ ಮಾಡಬೇಕಾದ್ದು ತೀರ್ಪುಗಾರರನ್ನು ಬೆಳೆಸುವ ಕೆಲಸ ಎಂದು ನನಗನಿಸುತ್ತದೆ. ತೀರ್ಪಿನ ಬಾಗಿಲನ್ನು ಕಿರಿದು ಮಾಡಿದರೆ ತಕರಾರು ಕಡಿಮೆಯಾಗುವುದಿಲ್ಲ, ಸಿವಿಲ್ ಕೋರ್ಟಿನ ಸಾಲಿಗೆ ಹೋಗಿ ನಿಲ್ಲುತ್ತದೆ.

ಬೆಳೆಸುವುದು ಹೇಗೆ? ಅಮೆರಿಕದ ಕೊಲರಾಡೋದಲ್ಲಿ ಐಸೆನ್‌ಹೋವರ್ ಸುರಂಗದ ಎರಡನೇ ಕೊಳವೆ ಕೊರೆಯುವಾಗ 1975ರಲ್ಲಿ ಮೂವರ ಮಂಡಳಿಯೊಂದನ್ನು ಕೆಲಸದ ಜೊತೆಗೇ ಕೂರಿಸಿದರು. ಮೊದಲ ಕೊಳವೆಯಲ್ಲಿ ಅನುಭವಿಸಿದ ತಾಪತ್ರಯ ಅವರಿಗೆ ಆ ಬುದ್ಧಿ ಕೊಟ್ಟಿತ್ತು. ಅಂಥ ಮಂಡಳಿಯವರು ಆಗಾಗ ಸೈಟಿಗೆ ಬರುತ್ತಾರೆ, ಕೆಲಸ ನಡೆಯುತ್ತಿರುವಾಗಲೇ ನೋಡುತ್ತಾರೆ. ನಮ್ಮ ಬಂಡೆಯ ತಕರಾರಿಗೆ ಅಂಥವರು ಇದ್ದಿದ್ದರೆ ಪಾಯ ತೆರೆದಿದ್ದ ದಿನವೇ ಅಂಚಿನಲ್ಲಿ ನಿಂತು ಇಣುಕಬಹುದಿತ್ತು. ಅವರ ಪಕ್ಕದಲ್ಲಿ ಒಬ್ಬ ಕಿರಿಯ ಎಂಜಿನಿಯರ್, ಒಬ್ಬ ಕಿರಿಯ ವಕೀಲೆ ನಿಂತು ಕಲಿಯಬಹುದಿತ್ತು. ಬ್ರಿಟನ್ನಿನಲ್ಲಿ ಸರ್ವೇಯರುಗಳ, ಆರ್ಬಿಟ್ರೇಟರುಗಳ, ಸಿವಿಲ್ ಎಂಜಿನಿಯರುಗಳ ಸಂಸ್ಥೆಗಳು ತರಬೇತಿ ಕೊಟ್ಟು, ಪರೀಕ್ಷಿಸಿ ಪಟ್ಟಿ ಇಟ್ಟುಕೊಳ್ಳುತ್ತವೆ. ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗುತ್ತಿಗೆ ಎಂಬುದು ಎಸ್ಟಿಮೇಷನ್ ವಿಷಯದ ಬಾಲದಲ್ಲಿ ಬರುವ ಒಂದೆರಡು ಅಧ್ಯಾಯ. ಹುಡುಗರು ಬೀಮಿನ ಕಬ್ಬಿಣ ಲೆಕ್ಕ ಹಾಕುವುದನ್ನು ಕಲಿಯುತ್ತಾರೆ; ಒಂದು ನೋಟಿಸು ಬರೆಯುವುದನ್ನು, ಒಂದು ಅಡಚಣೆ ರಿಜಿಸ್ಟರ್ ಇಡುವುದನ್ನು ಕಲಿಯುವುದಿಲ್ಲ.

ಬರೆಯುವುದೂ ಯೋಗ್ಯತೆಯ ಭಾಗವೇ, ಅದೂ ದೊಡ್ಡ ಭಾಗ. ಒಳ್ಳೆಯ ನಿರ್ಣಯವನ್ನು ಗೆದ್ದವರು ಕಡೆಯ ಪುಟದ ಮೊತ್ತ ನೋಡಿ ಮಡಚಿಡುತ್ತಾರೆ. ಸೋತವರು ಮಾತ್ರ ಮೊದಲ ಸಾಲಿನಿಂದ ಕಡೆಯವರೆಗೆ, ಮತ್ತೆ ಮತ್ತೆ ಓದುತ್ತಾರೆ. ಆದ್ದರಿಂದ ಅದನ್ನು ಬರೆಯಬೇಕಾದದ್ದು ಸೋತವರಿಗಾಗಿ. ನೀವು ಹೀಗೆ ಹೇಳಿದಿರಿ, ಇಂಥ ದಾಖಲೆ ತೋರಿಸಿದಿರಿ, ಅದನ್ನು ನಾನು ನೋಡಿದೆ, ಇಂಥ ಕಾರಣಕ್ಕೆ ಅದು ಸಾಲದಾಯಿತು ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಮೆದುಬಂಡೆ ಎಂದು ತೀರ್ಮಾನಿಸುವುದಾದರೆ ಬ್ರೇಕರ್ ಬಿಲ್ಲಿಗೆ ಏನಾಯಿತು ಎಂದು ಗುತ್ತಿಗೆದಾರನಿಗೆ ಉತ್ತರ ಸಿಗಬೇಕು. ಗಟ್ಟಿಬಂಡೆ ಎನ್ನುವುದಾದರೆ ಎಂ.ಬಿ.ಯ ನಮೂದನ್ನು ಏಕೆ ನಂಬಲಿಲ್ಲ ಎಂದು ಆ ಸಹಾಯಕ ಎಂಜಿನಿಯರಿಗೆ ಗೊತ್ತಾಗಬೇಕು, ಅವರ ಮರ್ಯಾದೆಗೆ ಪೆಟ್ಟಾಗದ ಹಾಗೆ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಒಪ್ಪಿಕೊಳ್ಳುವ ಮೊದಲಿನ ಒಂದು ಕೆಲಸ. ನಮ್ಮ ಆರ್ಬಿಟ್ರೇಷನ್ ಕಾಯ್ದೆಯ ಆರನೇ ಅನುಸೂಚಿಯಲ್ಲಿ ನೇಮಕಕ್ಕೆ ಮುಂಚೆ ತುಂಬಬೇಕಾದ ಒಂದು ನಮೂನೆಯಿದೆ. ಹೆಸರು, ಅನುಭವ, ಈಗ ಕೈಯಲ್ಲಿರುವ ಪ್ರಕರಣಗಳ ಸಂಖ್ಯೆ ಕೇಳಿದ ಮೇಲೆ ಅದು ಇನ್ನೆರಡು ಕೇಳುತ್ತದೆ: ಕಕ್ಷಿಗಳ ಜೊತೆಗೆ ಅಥವಾ ತಕರಾರಿನ ವಿಷಯದ ಜೊತೆಗೆ ಹಿಂದೆ ಇದ್ದ, ಈಗ ಇರುವ ಸಂಬಂಧ, 12 ತಿಂಗಳೊಳಗೆ ಮುಗಿಸಲು ಬೇಕಾದಷ್ಟು ಸಮಯ ಕೊಡಲು ಅಡ್ಡಿಯಾಗಬಹುದಾದ ಸಂಗತಿ. ಗುತ್ತಿಗೆಯ ನಿರ್ಣಾಯಕರಿಗೆ ಈ ನಮೂನೆ ಕಡ್ಡಾಯವಲ್ಲ. ಆದರೂ ಅದನ್ನು ಮುಂದಿಟ್ಟುಕೊಂಡು ಪ್ರಾಮಾಣಿಕವಾಗಿ ತುಂಬಲು ಕೂತವರು ಕೆಲವು ಸಲ, ಈ ಪ್ರಕರಣಕ್ಕೆ ನಾನು ಬೇಡ ಎಂದು ಪತ್ರ ಬರೆದು ಕಡತವನ್ನು ವಾಪಸು ಕಳಿಸುತ್ತಾರೆ.